ಪೆಟ್ಟಿಗೆಯೊಳಗಿನ ಜನರೇಟರ್

ಜನರೇಟರ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಹಚ್ಚಿ ಇನ್ನೂ ಕಾಲು ಗಂಟೆ ಆಗಿರಲಿಲ್ಲ. ಜಂಪಣ್ಣ ತಗಡಿನ ಪೆಟ್ಟಿಗೆಯ ಬಾಗಿಲು ತೆಗೆದ. ಒಳಗಿನ ಬಿಸಿ ಮುಖಕ್ಕೆ ರಾಚಿತು.

“ಆಯ್ತಲ್ಲ?” ಅಂದ ನಾಗರಾಜ್. “ಇವತ್ತು ಒಂದು ತಾಸು ಓಡದಿದ್ರೆ ನಾಳೆ ಗುಜರಿಗೆ. ಮಾತು ಮಾತೇ. ಅವ್ವ, ಆಮೇಲೆ ಅಳಬೇಡ.”

“ನಾನ್ಯಾಕೆ ಅಳ್ಲಿ?” ನಾಗಕ್ಕ ಮಗನ ಮೇಲೆ ರೇಗಿದಳು. “ನಿನ್ನ ಓದು, ಈ ಮನೆ ತಾರಸಿ, ಎಲ್ಲ ಅದೇ ದುಡಿದಿದ್ದು. ಅದನ್ನ ಗುಜರಿಗೆ ಹಾಕೋನು ತಾರಸೀನೂ ಕೆಡವಿ ಹಾಕು!”

ಆಕೆಯ ಗಂಡ ಗೊಲ್ಲಪ್ಪ ಇದ್ದಾಗ ಮಾಡದಕೆರೆ ಸುತ್ತಿನ ಮದುವೆಗಳಿಗೆಲ್ಲ ಬೆಳಕು ಕೊಟ್ಟ ಯಂತ್ರ ಅದು. ಆಗ ಅವನ ಜೊತೆಗಿದ್ದ ಜಂಪಣ್ಣ ಈಗ ಊರಿನಲ್ಲಿ ವೈರಿಂಗ್ ಮಾಡುತ್ತಾನೆ. ಮದುವೆಗಳು ಹೊಸದುರ್ಗದ ಛತ್ರಗಳಿಗೆ ಹೋದವು, ಗೊಲ್ಲಪ್ಪ ತೀರಿಕೊಂಡ, ಜನರೇಟರ್ ಹಿತ್ತಲಿಗೆ ಬಂತು. ಕರೆಂಟ್ ಹೋದಾಗ ಮನೆಗೆ ಆಗುತ್ತಿತ್ತು. ಸದ್ದು ತಾಳಲಾರದೆ ಓಣಿಯವರು ಜಗಳಕ್ಕೆ ಬಂದರು. ಒಳಗೆ ದಪ್ಪ ಸ್ಪಂಜು ಬಡಿದ ಪೆಟ್ಟಿಗೆ ಮಾಡಿಸಿ ಮುಚ್ಚಿದರೆ ಕಾವು ತುಂಬಿ ಯಂತ್ರ ನಿಲ್ಲತೊಡಗಿತು. ಅದಕ್ಕೇ ಜಂಪಣ್ಣ ನಿನ್ನೆ ಪೆಟ್ಟಿಗೆಗೆ ಎರಡು ಫ್ಯಾನ್ ಕೂರಿಸಿದ್ದ, ಒಂದು ಗಾಳಿ ಒಳಗೆಳೆಯಲು, ಒಂದು ಬಿಸಿ ಹೊರದಬ್ಬಲು. ನಿನ್ನೆ ಎರಡೂ ಗಿರ್ರನೆ ತಿರುಗಿದ್ದವು. ಇವತ್ತು ಲೈನ್ ಕೆಲಸವೆಂದು ಹತ್ತಕ್ಕೇ ಕರೆಂಟ್ ತೆಗೆದಿದ್ದರು. ಪರೀಕ್ಷೆಗೆ ಸರಿಯಾದ ದಿನ.

ನಾಗಕ್ಕ ಬಗ್ಗಿ ಫ್ಯಾನನ್ನೇ ನೋಡಿದಳು. “ಜಂಪಣ್ಣ, ಇವು ಇವತ್ತು ತಿರುಗಿದ್ವಾ?”

“ತಿರುಗದೆ ಏನಕ್ಕ? ನಿನ್ನೆ ನೀನೇ ನೋಡಿದ್ಯಲ್ಲ.”

“ನಿನ್ನೆ ಕರೆಂಟ್ ಇತ್ತು ಕಣೋ. ಲೈನ್ ಎಲ್ಲಿಂದ ಎಳ್ದೆ?”

“ಮೀಟರ್ ಬೋರ್ಡಿಂ…” ಜಂಪಣ್ಣ ಹಣೆ ಚಚ್ಚಿಕೊಂಡ.

“ಕರೆಂಟ್ ಹೋದ್ಮೇಲೆ ಮೀಟರಿನಾಗೆ ಏನಿರ್ತೈತೆ, ನಿನ್ನ ತಲೆ? ಮೂವತ್ತು ವರ್ಷ ಇದರ ಹಿಂದೆ ತಿರುಗಿದೋನು!”

ನಾಗರಾಜ್ ಗಹಗಹಿಸಿ ನಕ್ಕ. ಜಂಪಣ್ಣ ತಲೆ ಕೆರೆದುಕೊಂಡ. “ಬಯಲಾಗೆ ಓಡಿದ ಯಂತ್ರ ಅಕ್ಕ ಇದು. ಇದಕ್ಕೆ ಯಾವತ್ತು ನಾವು ಗಾಳಿ ಬೀಸಿದ್ವಿ?”

“ಗಾಳಿ ಬ್ಯಾಡ. ಚಪ್ಪರಕ್ಕೆ ಬೆಳಕು ಬಿಡೋಕೆ ಮುಂಚೆ ನಮ್ಮನೆಯೋರು ಏನು ಮಾಡೋರು, ಅದನ್ನ ಹೇಳು.”

ಜಂಪಣ್ಣ ನಿಧಾನವಾಗಿ ಹೇಳಿದ: “ಜನರೇಟರಿಂದಲೇ ನೇರ ಒಂದು ವೈರ್ ಎಳ್ದು, ಅದರ ನೆತ್ತಿ ಮ್ಯಾಲೆ ಒಂದು ಬಲ್ಬ್ ಕಟ್ಟೋನು ಗೊಲ್ಲಪ್ಪಣ್ಣ. ಬೆಳಕು ಮದುಮಗನಿಗೆ ಆಮೇಲೆ, ದುಡಿಯೋ ಯಂತ್ರಕ್ಕೆ ಮೊದ್ಲು ಅನ್ನೋನು.”

“ಹಂಗೇ ಈ ಫ್ಯಾನಿಗೂ ಎಳಿ.”

ಅರ್ಧ ಗಂಟೆಯಲ್ಲಿ ವೈರ್ ಬದಲಾಯಿತು. ಜಂಪಣ್ಣ ಹ್ಯಾಂಡಲ್ ಹಾಕಿ ತಿರುವಿದ, ಬಾಗಿಲು ಮುಚ್ಚಿದ. ಯಂತ್ರ ಹತ್ತಿದ ಕೂಡಲೇ ಫ್ಯಾನುಗಳೂ ಹತ್ತಿದವು. ಒಂದು ತಾಸು ಕಳೆಯಿತು. ನಾಗರಾಜ್ ತಗಡಿಗೆ ಅಂಗೈ ಇಟ್ಟು ನೋಡಿದ. ಸುಮ್ಮನೆ ಬೆಚ್ಚಗಿತ್ತು. “ಇರ್ಲಿ ಬಿಡವ್ವ. ಗುಜರಿಗೆ ಹಾಕಲ್ಲ” ಎಂದು ಒಳಗೆ ಹೋದ.

ಗೆದ್ದ ನಾಗಕ್ಕ ಹಿತ್ತಲ ಕಲ್ಲಿನ ಮೇಲೆ ಕುಂತಳು. ಪೆಟ್ಟಿಗೆಯ ಕಡೆ ಕಿವಿಗೊಟ್ಟು, “ಓಡ್ತಾ ಐತೇನೋ?” ಅಂದಳು.

“ಓಡ್ತಾ ಐತೆ.”

“ಏನೂ ಕೇಳಿಸ್ತಿಲ್ಲವಲ್ಲೋ.”

“ಕೇಳಬಾರ್ದು ಅಂತಾನೇ ಅಲ್ವೇನಕ್ಕ ಇಷ್ಟೆಲ್ಲ ಮಾಡಿದ್ದು?”

ನಾಗಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ಅಕ್ಕಪಕ್ಕದ ಯಾವ ಹಟ್ಟಿಲಿ ಮದುವೆ ಇದ್ರೂ ಇದರ ಸದ್ದು ಇಲ್ಲಿಗೆ ಬರೋದು. ಸದ್ದು ನಿಂತ್ರೆ ಅವರು ಹೊರಟ್ರು ಅಂತ. ತಕ್ಷಣ ನೀರೊಲೆಗೆ ಬೆಂಕಿ ಹಾಕ್ತಿದ್ದೆ. ಮೈಯೆಲ್ಲ ಡೀಸೆಲ್ ಮಾಡ್ಕೊಂಡು ಬರೋರು.” ಆಮೇಲೆ ಪೆಟ್ಟಿಗೆಯ ಕಡೆ ತಿರುಗಿ, “ಈಗ ಕಿವಿಗೆ ಸದ್ದೇ ಇಲ್ಲ. ಕೈ ಸುಮ್ನಿರಲ್ಲ, ನೀರೊಲೆ ಹಚ್ಚೋಕೆ ಹೋಗ್ತೈತೆ ನೋಡು” ಅಂದಳು.

ಜಂಪಣ್ಣ ಎದ್ದು ಹೋಗಿ ಪೆಟ್ಟಿಗೆಯ ಬಾಗಿಲನ್ನು ಪೂರ್ತಿ ತೆರೆದ. ಸದ್ದು ಹಿತ್ತಲ ಗೋಡೆ ಹಾರಿ ಓಣಿಗೆ ನುಗ್ಗಿತು. ಅದರ ಮೇಲೆ ಅವನು ಕೂಗಿ ಹೇಳಿದ:

“ಇನ್ನೂ ಮದುವೆ ಮುಗಿದಿಲ್ಲಕ್ಕ!”