ಎಣಿಕೆಯ ದಿನದ ಸರ

ಚಂದ್ರನ ಮೇಲಿನ ಮೂರನೇ ಪಟ್ಟಣದಲ್ಲಿ ಆಸ್ಪತ್ರೆಯವರು ರೋಗಿಯನ್ನು ನೋಡಿ ಶುಲ್ಕ ಹಾಕುವುದಿಲ್ಲ. ವರ್ಷಕ್ಕೊಮ್ಮೆ ನಡೆಯುವ ಎಣಿಕೆಯಲ್ಲಿ ಆ ರೋಗಿಯ ಸಮುದಾಯದ ಸರಾಸರಿ ಸಿರಿತನ ಎಷ್ಟು ಕಂಡಿತೆಂದು ನೋಡಿ ಹಾಕುತ್ತಾರೆ. ಗಾಜಿನ ಗುಮ್ಮಟ ಒರೆಸುವ ದ್ಯಾಮವ್ವ ಮಂಡಿನೋವಿನ ಇಂಜೆಕ್ಷನ್ನಿಗೆಂದು ಎರಡು ತಾಸು ಸಾಲಿನಲ್ಲಿ ನಿಂತಿದ್ದಳು.

"ಕನ್ನಡಿಗರು ಈ ವರ್ಷ ಎರಡನೇ ಸ್ಥಾನಕ್ಕೆ ಏರಿದ್ದಾರೆ, ಅಭಿನಂದನೆಗಳು. ನಿಮಗೆ ಪೂರ್ತಿ ಶುಲ್ಕ," ಎಂದಿತು ಕಿಟಕಿಯ ಯಂತ್ರ.

"ನಾ ಏರೂದು ಏಣಿ ಅಷ್ಟ ನೋಡಪಾ."

"ನಿಮ್ಮ ಹೆಂಗಸರ ಕೊರಳಲ್ಲಿ ಸರಾಸರಿ ನಲವತ್ತು ಗ್ರಾಂ ಚಿನ್ನ ಕಂಡಿದೆ."

ದ್ಯಾಮವ್ವ ಹಲ್ಲು ಕಚ್ಚಿದಳು. ಎಣಿಕೆಯ ಹಿಂದಿನ ದಿನ ಕನ್ನಡ ಸಂಘದ ಅಧ್ಯಕ್ಷರು ಮನೆಮನೆಗೆ ಬಂದು, "ಬರೇ ಕೊರಳಾಗ ನಿಂದರಬ್ಯಾಡ್ರಿ, ನಾಕು ಮಂದ್ಯಾಗ ಮಾನ ಹೋಗ್ತದ" ಎಂದಿದ್ದರು. ಇಡೀ ಓಣಿಯೇ ಪಕ್ಕದ ನೇಪಾಳಿಗರ ಓಣಿಗೆ ಹೋಗಿ ಚಿನ್ನ ಬೇಡಿ ತಂದಿತ್ತು. ದ್ಯಾಮವ್ವ ಹಾಕಿಕೊಂಡಿದ್ದು ಗೆಳತಿ ಧನಮಾಯಾಳ ಸರ.

ಅವಳ ಹಿಂದೆಯೇ ನಿಂತಿದ್ದ ಧನಮಾಯಾಳ ಸರದಿ ಬಂತು. ಮೂರು ಹೋಟೆಲುಗಳ ಒಡತಿ ಅವಳು. ಅದೇ ಸರ ಈಗ ಅವಳ ಕೊರಳಲ್ಲಿತ್ತು.

"ನೇಪಾಳಿಗರು ಕೊನೆಯ ಸ್ಥಾನ. ಎಣಿಕೆಯ ದಿನ ನಿಮ್ಮಲ್ಲಿ ಯಾರ ಕೊರಳಲ್ಲೂ ಚಿನ್ನವಿರಲಿಲ್ಲ. ನಿಮಗೆ ಉಚಿತ," ಎಂದಿತು ಯಂತ್ರ.

ದ್ಯಾಮವ್ವ ಇಂಜೆಕ್ಷನ್ ಇಲ್ಲದೆಯೇ ಕುಂಟುತ್ತ ಹೊರಟಳು. ಧನಮಾಯಾ ಸಂಕೋಚದಿಂದ ಅವಳ ಕೈ ಹಿಡಿದಳು.

"ಸಿಟ್ಟಾಗಬೇಡ ಅಕ್ಕಾ. ಮುಂದಿನ ಎಣಿಕೆಗೆ ಬಳೆನೂ ಕೊಡ್ತೀನಿ."

"ನಿನ್ನ ಬಳೆ ನೀನ ಇಟಗೋ ತಂಗಿ," ಎಂದಳು ದ್ಯಾಮವ್ವ. "ಆವತ್ತ ನನ್ನ ತಾಳಿನೂ ನೀನ ಹಾಕ್ಕೊಂಡ ನಿಂದ್ರು."