ರಾಣಿಯ ಸೆರಗಿನ ಪಿನ್ನು

ಸತ್ತ ರಾಜನ ಎದೆಗೊರಗಿ ರಾಣಿ ಶೋಕದ ಹಾಡು ಎತ್ತಿದ್ದೇ ತಡ, ದಾಂಡೇಲಿ ಕಾರ್ಮಿಕರ ನಾಟಕಕ್ಕಿದ್ದ ಒಂದೇ ಗ್ಯಾಸಬತ್ತಿ ಮಂಕಾಯಿತು. ಮಂದಿ ಸಿಳ್ಳೆ ಹೊಡೆದರು. ಕೆಲವರು ಕಂಬಳಿ ಕೊಡವಿ ಎದ್ದೇಬಿಟ್ಟರು.

ರಾಣಿಯ ವೇಷದಲ್ಲಿದ್ದವನು ಮೆಕ್ಯಾನಿಕ್ ವಜೀರ. “ಇಂಜಿನ್ ರಿಪೇರಿ, ಬೋರ್ಡ್ ಬರಿಯೂದು, ಹಾಡೂದು... ಒಂದರಾಗರ ನೆಟ್ಟಗ ಇರೋ! ಸ್ಟೇಜಿನ ಮ್ಯಾಲ ಬರೇ ರಾಣಿ ಆಗಿರು,” ಎಂದು ನಾಟಕದ ಮಾಸ್ತರ ಸೋಮಪ್ಪ ಸಂಜೆಯಷ್ಟೇ ಬೈದಿದ್ದರು.

ವಜೀರ ಹಾಡು ನಿಲ್ಲಿಸಲಿಲ್ಲ. ಅಳುತ್ತಲೇ ಎದ್ದ, ಸೆರಗಿನ ಪಿನ್ನು ಕಿತ್ತು ಬತ್ತಿಯ ಸಣ್ಣ ತೂತಿನ ಕಸ ತೆಗೆದ, ಹಾಡಿನ ತಾಳಕ್ಕೆ ಸರಿಯಾಗಿ ಪಂಪು ಹೊಡೆದ. ಬೆಳಕು ಝಗ್ಗೆಂದಿತು.

“ವನ್ಸ್‌ಮೋರ್!” ಮಂದಿ ಕೂಗಿದರು. ವಜೀರ ಹಾಡನ್ನು ಮತ್ತೆ ಎತ್ತಿಕೊಂಡ.

“ಹಾಡಲ್ಲೋ, ಬತ್ತಿ!” ಎಂದು ಮಂದಿ ಮತ್ತೆ ಕೂಗಿದರು.

ಸೋಮಪ್ಪ ಮಾಸ್ತರು ಪರದೆಯ ಹಿಂದಿನಿಂದ ಬಂದರು. ತಾವೇ ಬತ್ತಿಯ ಗಾಳಿ ಬಿಟ್ಟು ಮತ್ತೆ ಮಂಕು ಮಾಡಿ, ಮಬ್ಬುಗತ್ತಲಲ್ಲಿ ಕೈಮುಗಿದರು: “ಹೂಂ, ರಾಣಿಸಾಹೇಬ್ರ... ಹೊಡೀರಿ ಪಂಪು.”