ಅಂಜನಾಳ ಕೆಂಪು ಶೂ

ತೀರಿಕೊಂಡ ಅಂಜನಾಳ ಮೊದಲ ವರ್ಷದ ಎಡೆ. ಫೋಟೋ ಮುಂದೆ ಅವಳಿಗಿಷ್ಟವಾದ ಹೋಳಿಗೆ, ಚಿಪ್ಸು, ಬ್ಯಾಸ್ಕೆಟ್‌ಬಾಲ್ ಪದಕ ಎಲ್ಲ ಇಟ್ಟಾಗಿತ್ತು. ಪೂಜೆಗೆ ಕೂರಬೇಕಿದ್ದ ಅಪ್ಪ ಚಿದಾನಂದ್ ಎದ್ದು ಬಾಗಿಲಾಚೆ ಹೋದರು. ಚಪ್ಪಲಿ ಸ್ಟ್ಯಾಂಡಿನಿಂದ ಮಗಳ ಕೆಂಪು ಶೂ ಎತ್ತಿಕೊಂಡರು.

"ಶೂನ ಎಡೆ ಹತ್ರ ತರ್ತೀಯೇನೋ?" ಅವರ ತಾಯಿ ನೀಲಗಂಗಮ್ಮ ಬೆಚ್ಚಿದರು.

ಕೊಂಡ ದಿನ ಅದನ್ನು ಮಂಚದ ಪಕ್ಕ ಇಟ್ಟುಕೊಳ್ಳುತ್ತೇನೆಂದು ಅಂಜನಾ ಗೋಗರೆದಿದ್ದಳು. "ನಾನು ಹುಟ್ಟೋಕ್ ಮುಂಚಿನ ಮಾಡೆಲ್ ಅಪ್ಪಾ! ಇವತ್ತಿಗೂ ಎಲ್ರೂ ಇದೇ ಬೇಕು ಅಂತಾರೆ, ಗೊತ್ತಾ?"

"ಯಾವ್ದಾದ್ರೇನು, ಕಾಲಿಗೆ ಹಾಕೋದು ಹೊರಗಿರ್ಬೇಕು" ಎಂದು ಗದರಿದ್ದರು ಚಿದಾನಂದ್.

ಈಗ ಅದಕ್ಕಂಟಿದ್ದ ಜಯನಗರದ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಧೂಳನ್ನು ಅವರು ತಮ್ಮ ಮಡಿ ಶಲ್ಯದಲ್ಲೇ ಒರೆಸಿದರು. ಹೊಸಿಲು ದಾಟಿ ಬಂದು, ಜೋಡಿಯನ್ನು ಫೋಟೋದ ಪಕ್ಕ ಇಟ್ಟರು.

"ಒಳಗೇ ಇಟ್ಕೋ ಪುಟ್ಟಿ."